ಚುಕ್ಕಾಣಿಯ ಎಣ್ಣೆ

(ಬಾನುಲಿ ಭಾಷಣ)



ಎಣ್ಣೆ ಎಂಬ ನಮ್ಮ ಮಾತು ಮೂಲದಲ್ಲಿ ಒಂದೇ ಒಂದು ಎಣ್ಣೆಯ ಹೆಸರು. ಎಳ್ ಎಂದರೆ ಎಳ್ಳು, ನೆಯ್ ಎಂದರೆ ಜಿಡ್ಡು. ಎರಡೂ ಕೂಡಿ ಎಣ್ಣೆ. ಬೆಳ್ಳಗಿನ ನೆಯ್ ಬೆಣ್ಣೆಯಾದಂತೆಯೇ ಇದೂ ಆಯಿತು. ಎಳ್ಳಿನದಕ್ಕೆ ಮಾತ್ರ ಸಲ್ಲುತ್ತಿದ್ದ ಈ ಹೆಸರು ಕಾಲಕ್ರಮದಲ್ಲಿ ತೆಂಗಿನದಕ್ಕೆ, ಹರಳಿನದಕ್ಕೆ, ಹೊನ್ನೆಯದಕ್ಕೆ, ಕೊನೆಗೆ ನೆಲದಾಳದಿಂದ ಮೇಲೆತ್ತಿದ ಸೀಮೆಎಣ್ಣೆಗೂ ಹಬ್ಬಿತು. ಭಾಷೆಯ ಮಟ್ಟಿಗೆ ಇದು ಸಹಜವಾದ ಅರ್ಥವಿಸ್ತಾರ. ಹೆಸರು ಒಂದಾಯಿತೆಂದು ನಮ್ಮ ಗೃಹಿಣಿಯರು ಎಂದೂ ಮೋಸಹೋದವರಲ್ಲ. ಕುಂದಾಪುರದ ಯಾವ ಮನೆಯಲ್ಲಿಯೂ ಒಗ್ಗರಣೆಗೆ ತೆಂಗಿನೆಣ್ಣೆಯ ಬದಲು ಹರಳೆಣ್ಣೆ ಬಿದ್ದದ್ದನ್ನು ನಾನು ಕೇಳಿಲ್ಲ. ಅಡುಗೆಮನೆಯ ಈ ವಿವೇಕ ಅಂಗಳದಲ್ಲಿ ನಿಂತ ಕಾರಿನ ಬಳಿಗೆ ಬರುವಷ್ಟರಲ್ಲಿ ಏಕೆ ಸೋರಿಹೋಗುತ್ತದೆಯೋ ತಿಳಿಯದು. ಅಲ್ಲಿ ಎಲ್ಲವೂ ‘ಆಯಿಲ್’. ಎಂಜಿನ್ನಿನದೂ ಆಯಿಲ್, ಗೇರಿನದೂ ಆಯಿಲ್, ಬ್ರೇಕಿನದೂ ಆಯಿಲ್, ಸ್ಟೇರಿಂಗಿನದೂ ಆಯಿಲ್. ಈ ಕೊನೆಯದನ್ನು ಆರಿಸುವ ವಿಚಾರವಾಗಿ ಈ ದಿನ ನಾಲ್ಕು ಮಾತು ಹೇಳಬೇಕೆಂದಿದ್ದೇನೆ.

ಕನ್ನಡದಲ್ಲಿ ಸ್ಟೇರಿಂಗಿಗೆ ಚುಕ್ಕಾಣಿ ಎನ್ನುವುದುಂಟು. ಆ ಶಬ್ದ ನಮ್ಮ ಕರಾವಳಿಗೆ ಹಡಗಿನಲ್ಲಿಯೇ ಬಂದದ್ದು. ಅರಬ್ಬಿಯ ಸುಕ್ಕಾನ್ ಅದರ ಮೂಲ. ಬಸ್ರೂರಿನ ಬಂದರಿಗೆ ಅರಬರ ಹಡಗುಗಳು ಅಕ್ಕಿಗಾಗಿ ಬಂದುಹೋಗುತ್ತಿದ್ದ ಕಾಲವನ್ನು ನೆನೆದರೆ ಈ ಮಾತು ನಮ್ಮಲ್ಲಿ ಉಳಿದದ್ದರಲ್ಲಿ ಆಶ್ಚರ್ಯವಿಲ್ಲ. ಗಂಗೊಳ್ಳಿಯ ದೋಣಿಯವನ ಕೈಯಲ್ಲಿ ಇಂದಿಗೂ ಬದುಕಿರುವ ಶಬ್ದವನ್ನು ಕಾರಿಗೂ ಸಲ್ಲಿಸಿಕೊಂಡರೆ ತಪ್ಪಾಗಲಾರದೆಂದು ಭಾವಿಸಿ ನಾನು ಇದನ್ನು ಬಳಸುತ್ತೇನೆ.

ನಮ್ಮ ಸೀಮೆಯವರಿಗೆ ಈ ಚುಕ್ಕಾಣಿಯ ವಿಚಾರ ಬಯಲುಸೀಮೆಯವರಿಗಿಂತ ಹೆಚ್ಚು ಹತ್ತಿರದ್ದು. ಬೈಂದೂರಿನಿಂದ ಮೂಡಣಕ್ಕೆ ಹೊರಟರೆ ಕೊಲ್ಲೂರು ದಾಟಿ ನಾಗೋಡಿ ಘಾಟಿ. ಕುಂದಾಪುರದಿಂದ ಹೊರಟರೆ ಸಿದ್ದಾಪುರ, ಹೊಸಂಗಡಿಗಳ ಮೇಲೆ ಬಾಳೆಬರೆ ಘಾಟಿ. ಬ್ರಹ್ಮಾವರದಿಂದ ಹೊರಟವನಿಗೆ ಹೆಬ್ರಿ ಕಳೆದ ಮೇಲೆ ಆಗುಂಬೆಯ ಆ ಹದಿನಾಲ್ಕು ತಿರುವುಗಳು. ಮೂರು ಊರಿನವರಿಗೂ ಪಡುವಣಕ್ಕೆ ಸಮುದ್ರ, ಮೂಡಣಕ್ಕೆ ಗೋಡೆಯಂತೆ ನಿಂತ ಸಹ್ಯಾದ್ರಿ. ಶಿವಮೊಗ್ಗೆಯ ಆಸ್ಪತ್ರೆಗೆ ಹೋಗುವವರಾಗಲಿ, ಮಗಳನ್ನು ಘಟ್ಟದ ಮೇಲೆ ಕೊಟ್ಟವರಾಗಲಿ, ಈ ತಿರುವುಗಳಲ್ಲಿ ಚುಕ್ಕಾಣಿಯನ್ನು ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ತಿರುಗಿಸದೆ ಗತ್ಯಂತರವಿಲ್ಲ.

ಹಿಂದಿನ ಬಸ್ಸುಗಳ ಚುಕ್ಕಾಣಿ ಗೆರಸಿಯಷ್ಟು ಅಗಲವಾಗಿರುತ್ತಿದ್ದುದನ್ನು ನನ್ನ ವಯಸ್ಸಿನವರು ಕಂಡಿದ್ದಾರೆ. ಚಕ್ರ ದೊಡ್ಡದಾದಷ್ಟೂ ಸನ್ನೆಯ ಬಲ ಹೆಚ್ಚು ಎಂಬುದಷ್ಟೇ ಅದರ ಗುಟ್ಟು. ಘಾಟಿಯ ತಿರುವಿನಲ್ಲಿ ಚಾಲಕ ಆಸನದಿಂದ ಅರ್ಧ ಎದ್ದು, ಎರಡೂ ತೋಳುಗಳನ್ನು ಹೂಡಿ ಅದನ್ನು ಎಳೆಯುತ್ತಿದ್ದ. ಈ ಶ್ರಮವನ್ನು ಎಣ್ಣೆಯ ಒತ್ತಡಕ್ಕೆ ವಹಿಸಿಬಿಡುವ ಉಪಾಯವನ್ನು 1920ರ ದಶಕದಲ್ಲಿಯೇ ಅಮೆರಿಕದ ಫ್ರಾನ್ಸಿಸ್ ಡೇವಿಸ್ ಎಂಬ ಎಂಜಿನಿಯರು ಸಾಧಿಸಿ ತೋರಿಸಿದ್ದರು. ಆದರೂ ಮಾರಾಟದ ಕಾರಿನಲ್ಲಿ ಅದು ಕಾಣಿಸಿಕೊಂಡದ್ದು 1951ರಲ್ಲಿ, ಕ್ರೈಸ್ಲರ್ ಕಂಪನಿಯ ಇಂಪೀರಿಯಲ್ ಕಾರಿನಲ್ಲಿ. ನಮ್ಮ ಅಂಬಾಸಿಡರು, ಫಿಯೆಟ್ಟುಗಳ ಕಾಲದಲ್ಲಿ ಇದರ ಸುದ್ದಿ ನಮ್ಮ ಊರಿಗೆ ತಲುಪಿರಲಿಲ್ಲ. ಸುಮೋ, ಕ್ವಾಲಿಸ್, ಬೊಲೆರೊ, ಇನ್ನೋವಾಗಳು ಬಾಡಿಗೆಗೆ ನಿಲ್ಲತೊಡಗಿದ ಮೇಲೆ ‘ಪವರ್ ಸ್ಟೇರಿಂಗ್’ ಎಂಬುದು ಮನೆಮಾತಾಯಿತು.

ಇದರ ಯಂತ್ರಕ್ರಮ ಸರಳವಾದದ್ದು. ಎಂಜಿನ್ನು ತಿರುಗುವಾಗ ಒಂದು ಪಟ್ಟಿಯ ಮೂಲಕ ಪುಟ್ಟದೊಂದು ಪಂಪು ತಿರುಗುತ್ತದೆ. ಆ ಪಂಪು ಸಣ್ಣ ಪಾತ್ರೆಯೊಂದರಿಂದ ಎಣ್ಣೆಯನ್ನು ಹೀರಿ ಒತ್ತಡದಿಂದ ಮುಂದಕ್ಕೆ ನೂಕುತ್ತದೆ. ನೀವು ಚುಕ್ಕಾಣಿಯನ್ನು ಬಲಕ್ಕೆ ತಿರುಗಿಸಿದಿರಿ ಎನ್ನಿ. ಅದರ ಬುಡದಲ್ಲಿರುವ ಕವಾಟ ಎಣ್ಣೆಗೆ ಒಂದು ದಾರಿಯನ್ನು ತೆರೆದು ಇನ್ನೊಂದನ್ನು ಮುಚ್ಚುತ್ತದೆ. ಎಣ್ಣೆ ಒಂದು ಕೊಂತವನ್ನು ತಳ್ಳಿ, ಮುಂದಿನ ಚಕ್ರಗಳನ್ನು ನೀವು ಬಯಸಿದ ಕಡೆಗೆ ಹೊರಳಿಸುವುದರಲ್ಲಿ ನಿಮಗೆ ಹೆಗಲುಕೊಟ್ಟು, ಮತ್ತೆ ಪಾತ್ರೆಗೆ ಮರಳುತ್ತದೆ. ಕಾರಿನ ಟಯರಿನಲ್ಲಿ ನಾವು ತುಂಬಿಸುವ ಗಾಳಿಯ ಒತ್ತಡ ಚದರ ಸೆಂಟಿಮೀಟರಿಗೆ ಸುಮಾರು 2 ಕಿಲೋ. ಚುಕ್ಕಾಣಿಯನ್ನು ಪೂರ್ತಿ ತಿರುಗಿಸಿ ಹಿಡಿದಾಗ ಈ ಎಣ್ಣೆಯ ಒತ್ತಡ 70 ಕಿಲೋವನ್ನೂ ಮೀರುತ್ತದೆ. ಆ ಸ್ಥಿತಿಯಲ್ಲಿ ಎಣ್ಣೆ ಕಾಯುತ್ತದೆ, ಪಂಪು ನರಳುತ್ತದೆ. ಆದುದರಿಂದಲೇ ತುದಿಯವರೆಗೆ ತಿರುಗಿಸಿದ ಚುಕ್ಕಾಣಿಯನ್ನು ಕೆಲವು ಕ್ಷಣಕ್ಕಿಂತ ಹೆಚ್ಚು ಹಾಗೆಯೇ ಹಿಡಿದಿಡಬೇಡಿ ಎಂದು ಕಾರಿನ ಕೈಪಿಡಿಗಳು ಹೇಳುತ್ತವೆ.

ಹೀಗಿರುವಾಗ ಈ ಎಣ್ಣೆಗೆ ವಹಿಸಿದ ಕೆಲಸ ಒಂದೆರಡಲ್ಲ. ಅದು ಬಲವನ್ನು ಹೊರಬೇಕು, ಪಂಪಿನ ಲೋಹಕ್ಕೆ ಜಿಡ್ಡಾಗಬೇಕು, ಕಾದರೂ ತೀರ ತೆಳುವಾಗಬಾರದು, ಕಡೆದ ಮಜ್ಜಿಗೆಯಂತೆ ನೊರೆಗಟ್ಟಬಾರದು. ಎಲ್ಲಕ್ಕಿಂತ ಹೆಚ್ಚಾಗಿ ಕೀಲುಕೀಲಿನಲ್ಲಿ ಕುಳಿತ ರಬ್ಬರಿನ ಬಳೆಗಳೊಡನೆ ಸಾಮರಸ್ಯದಿಂದ ಬಾಳಬೇಕು. ಎಣ್ಣೆಯ ಆಯ್ಕೆಯಲ್ಲಿ ನಿಜವಾದ ಕಗ್ಗಂಟು ಈ ರಬ್ಬರಿನದು. ಒಂದು ಜಾತಿಯ ರಬ್ಬರು ಒಂದು ಎಣ್ಣೆಯಲ್ಲಿ ವರ್ಷಗಟ್ಟಲೆ ಮೆತ್ತಗೆ ಇರುತ್ತದೆ; ಇನ್ನೊಂದರಲ್ಲಿ ನೆನೆಹಾಕಿದ ಕಡಲೆಯಂತೆ ಉಬ್ಬುತ್ತದೆ.

ಆರಂಭದ ದಿನಗಳಲ್ಲಿ ಚುಕ್ಕಾಣಿಗೆಂದೇ ಬೇರೆ ಎಣ್ಣೆ ಬೇಕೆನಿಸಲಿಲ್ಲ. ತಾನೇ ಗೇರು ಬದಲಿಸಿಕೊಳ್ಳುವ ಕಾರುಗಳಿಗಾಗಿ ಜನರಲ್ ಮೋಟಾರ್ಸ್ ಕಂಪನಿ 1949ರಲ್ಲಿ ‘ಟೈಪ್ ಎ’ ಎಂಬ ಎಣ್ಣೆಯ ಲಕ್ಷಣವನ್ನು ಗೊತ್ತುಮಾಡಿತ್ತು. 1967ರಲ್ಲಿ ಅದರ ಮುಂದಿನ ಪೀಳಿಗೆಗೆ ಡೆಕ್ಸ್ರಾನ್ ಎಂಬ ಹೆಸರು ಬಂತು. ಈ ವರ್ಗದ ಎಣ್ಣೆಗಳನ್ನೇ ಎ.ಟಿ.ಎಫ್. ಎನ್ನುತ್ತಾರೆ, ಬಹಳಷ್ಟು ಕಾರುಗಳ ಚುಕ್ಕಾಣಿಗೂ ಅವೇ ಸಂದವು. 2005ರಲ್ಲಿ ನಮ್ಮಲ್ಲಿಗೆ ಬಂದ ಮೊದಲ ಇನ್ನೋವಾದ ಚುಕ್ಕಾಣಿಗೆ ಹೇಳಿದ್ದು ಡೆಕ್ಸ್ರಾನ್ ಎರಡು ಅಥವಾ ಮೂರು. ಇಲ್ಲೊಂದು ಸೂಕ್ಷ್ಮವಿದೆ. ಡೆಕ್ಸ್ರಾನ್ ಮೂರರ ಪರವಾನಗಿಗಳನ್ನು ಜನರಲ್ ಮೋಟಾರ್ಸ್ ಕಂಪನಿಯೇ 2006ರ ಕೊನೆಗೆ ನಿಲ್ಲಿಸಿಬಿಟ್ಟಿತು. ಆದುದರಿಂದ ಇಂದು ಡಬ್ಬಿಯ ಮೇಲೆ ಆ ಹೆಸರಿದ್ದರೆ ಅದು ಎಣ್ಣೆ ಮಾಡಿದವನ ಭರವಸೆಯೇ ಹೊರತು ಹೆಸರಿಟ್ಟವನ ಮುದ್ರೆಯಲ್ಲ. ಭರವಸೆ ಕೊಟ್ಟವನು ಯಾರೆಂದು ನೋಡಿಕೊಂಡು ಕೊಳ್ಳುವುದು ಲೇಸು.

ಎಲ್ಲರೂ ಡೆಕ್ಸ್ರಾನಿಗೆ ಒಪ್ಪಿದರೇ ಎಂದರೆ, ಇಲ್ಲ. ಹೋಂಡಾ ಕಂಪನಿ ತನ್ನ ಹಳೆಯ ಕಾರುಗಳ ಚುಕ್ಕಾಣಿಗೆ ತನ್ನದೇ ಎಣ್ಣೆ ಆಗಬೇಕೆಂದಿತು. ಹ್ಯುಂಡೈ ಕಂಪನಿಯ ಹಳೆಯ ಕಾರುಗಳ ಮುಚ್ಚಳದ ಮೇಲೆ ಪಿ.ಎಸ್.ಎಫ್.-3 ಎಂದೋ ಪಿ.ಎಸ್.ಎಫ್.-4 ಎಂದೋ ಇರುತ್ತದೆ. ಮೂರು ಬೇರೆ, ನಾಲ್ಕು ಬೇರೆ. ಜರ್ಮನಿಯ ಹಲವು ಕಾರುಗಳಿಗೆ ಪೆಂಟೋಸಿನ್ ಮೊದಲಾದ ಹಸಿರು ಬಣ್ಣದ ಕೃತಕ ಎಣ್ಣೆಗಳು. ಇವುಗಳೊಳಗೆ ಪಂಕ್ತಿಭೇದ ಉಂಟು. ಒಂದರ ಎಲೆಯಲ್ಲಿ ಇನ್ನೊಂದನ್ನು ಬಡಿಸುವ ಹಾಗಿಲ್ಲ.

ಹಾಗಾದರೆ ಗುರುತಿಸುವುದು ಹೇಗೆ? ನಮ್ಮ ಊರಿನ ಸಾಮಾನ್ಯ ಪದ್ಧತಿ ಎಂದರೆ ಬಣ್ಣ. ಯಕ್ಷಗಾನದ ರಂಗಸ್ಥಳದಲ್ಲಿ ತೆರೆ ಸರಿಯುವ ಮುನ್ನವೇ, ಅಂಚಿನಲ್ಲಿ ಕಂಡ ಬಣ್ಣದ ತುಣುಕಿನಿಂದ ವೇಷ ಯಾವುದೆಂದು ಹೇಳಬಲ್ಲ ಜನ ನಾವು. ಹೆದ್ದಾರಿ ಬದಿಯ ಅಂಗಡಿಯೊಂದರಲ್ಲಿ ನಾನು ಈ ಎಣ್ಣೆಯ ವಿವರ ಕೇಳಿದಾಗ ಅಲ್ಲಿದ್ದವರು ಕೊಟ್ಟ ಉತ್ತರ ಹೀಗಿತ್ತು: “ಹ್ವಾಯ್ ಮಾಷ್ಟ್ರೆ, ಕೆಂಪಿದ್ರೆ ಸೈ, ಎಲ್ಲಾ ಒಂದೇ ಎಣ್ಣಿ.” ರಂಗಸ್ಥಳದ ಬಣ್ಣಗಳಿಗೆ ತಲೆಮಾರುಗಳ ಕಟ್ಟುಪಾಡಿದೆ. ಎಣ್ಣೆಯ ಬಣ್ಣಕ್ಕೆ ಅಂಥ ಕಟ್ಟುಪಾಡು ಯಾರೂ ಮಾಡಿಲ್ಲ. ಎ.ಟಿ.ಎಫ್.ಗೆ ಮುರುಗಲ ಹುಳಿಯ ಪಾನಕದಂಥ ಕೆಂಪನ್ನು ಬೆರೆಸಿದ್ದು, ಅದು ಸೋರಿದಾಗ ಎಂಜಿನ್ ಎಣ್ಣೆಯಲ್ಲವೆಂದು ತಿಳಿಯಲಿ ಎಂಬುದಕ್ಕಾಗಿ. ಅದೇ ಕೆಂಪು ಕೆಲವು ಕಾರುಗಳ ರೇಡಿಯೇಟರಿನ ದ್ರವಕ್ಕೂ ಇದೆ. ಜರ್ಮನಿಯ ಚುಕ್ಕಾಣಿ ಎಣ್ಣೆಯ ಹಸಿರು ಬೇರೆ ಕಾರುಗಳ ರೇಡಿಯೇಟರಿನಲ್ಲಿ ಕಾಣುತ್ತದೆ. ಸಾಲದುದಕ್ಕೆ, ಒಂದೆರಡು ವರ್ಷ ದುಡಿದ ಮೇಲೆ ಎಲ್ಲ ಎಣ್ಣೆಯೂ ಕಂದಾಗಿ ತನ್ನ ಕುಲದ ಗುರುತನ್ನು ಕಳೆದುಕೊಳ್ಳುತ್ತದೆ.

ಬಣ್ಣವನ್ನು ನಂಬಿದರೆ ಚುಕ್ಕಾಣಿ ಬಿಗಿಯಾದೀತು, ಪಂಪು ಹಾಳಾದೀತು, ಕೈಯಿಂದ ಒಂದಿಷ್ಟು ಹಣ ಹೋದೀತು ಎಂದು ನೀವು ಸಮಾಧಾನ ಮಾಡಿಕೊಳ್ಳಬಹುದು. ವಿಷಯ ಅಲ್ಲಿಗೇ ನಿಲ್ಲುತ್ತಿದ್ದರೆ ನಾನು ನಿಮ್ಮ ಈ ಹೊತ್ತನ್ನು ಕೇಳುತ್ತಿರಲಿಲ್ಲ. ಕಾರಿನ ಬಾನೆಟ್ಟನ್ನು ಎತ್ತಿ ನೋಡಿ. ಚುಕ್ಕಾಣಿಯ ಎಣ್ಣೆಯ ಪಾತ್ರೆ ಒಂದು ಕಡೆ. ಹೆಚ್ಚುಕಡಮೆ ಅದೇ ಗಾತ್ರದ, ಅದೇ ಬಿಳಿಯ ಪ್ಲಾಸ್ಟಿಕ್ಕಿನ, ಅದೇ ಕರಿಯ ಮುಚ್ಚಳದ ಬ್ರೇಕಿನ ಪಾತ್ರೆ ಇನ್ನೊಂದು ಕಡೆ. ಅವಳಿಮಕ್ಕಳಂತಿರುವ ಇವೆರಡರ ಒಳಗಿನ ಪ್ರಕೃತಿ ಮಾತ್ರ ಹಾವು ಮುಂಗುಸಿ. ಚುಕ್ಕಾಣಿಯದು ಖನಿಜ ತೈಲ, ಇಲ್ಲವೆ ಅದರ ಕೃತಕ ಸೋದರ. ಬ್ರೇಕಿನದು ಡಾಟ್ 3, ಡಾಟ್ 4 ಎಂದು ಡಬ್ಬಿಯ ಮೇಲೆ ಬರೆದಿರುವ, ಗ್ಲೈಕಾಲ್ ಜಾತಿಯ ದ್ರವ. ರಸಾಯನಶಾಸ್ತ್ರದ ಲೆಕ್ಕದಲ್ಲಿ ಅದು ಎಣ್ಣೆಯೇ ಅಲ್ಲ. ಬ್ರೇಕಿನ ರಬ್ಬರು ಆ ದ್ರವಕ್ಕಾಗಿ ಹುಟ್ಟಿದ್ದು. ಅದರ ಮೇಲೆ ಚುಕ್ಕಾಣಿಯ ಎಣ್ಣೆ ಬಿದ್ದರೆ ಅದು ಉಬ್ಬಿ, ಮೆತ್ತಗಾಗಿ, ತನ್ನ ಆಕಾರವನ್ನೇ ಕಳೆದುಕೊಳ್ಳುತ್ತದೆ. ಬ್ರೇಕು ಹಿಡಿದದ್ದು ಬಿಡದೆ ಹೋಗಬಹುದು. ಹಿಡಿಯಬೇಕಾದಾಗ ಹಿಡಿಯದೆಯೂ ಹೋಗಬಹುದು. ಬ್ರೇಕಿನ ದ್ರವ ಚುಕ್ಕಾಣಿಗೆ ಬಿದ್ದರೆ ಅಲ್ಲಿಯ ರಬ್ಬರಿಗೂ ಇದೇ ಗತಿ.

ಬೈಂದೂರಿನ ಕಡೆಯ ಶಾಲಾವಾಹನವೊಂದರಲ್ಲಿ ನಡೆದದ್ದನ್ನು ಅದರ ಚಾಲಕರೇ ನನಗೆ ಹೇಳಿದರು. ಚುಕ್ಕಾಣಿ ಗೊರಗುಟ್ಟುತ್ತಿದೆಯೆಂದು ಸಂಜೆ ಗ್ಯಾರೇಜಿನಲ್ಲಿ ಎಣ್ಣೆ ಹಾಕಿಸಿದ್ದರು. ಹಾಕಿದವನು ಕೆಲಸಕ್ಕೆ ಸೇರಿ ತಿಂಗಳಾಗದ ಹುಡುಗ. ಹೊಯ್ದದ್ದು ಬ್ರೇಕಿನ ಪಾತ್ರೆಗೆ. ಮರುದಿನ ಬೆಳಿಗ್ಗೆ ಮಕ್ಕಳನ್ನು ಹತ್ತಿಸಿಕೊಳ್ಳಲು ಹೊರಡುವಾಗ ಅಂಗಳದಲ್ಲಿಯೇ ಬ್ರೇಕಿನ ಮೆಟ್ಟು ಒತ್ತಿದ್ದು ಸರಿಯಾಗಿ ಮೇಲೆ ಬರಲಿಲ್ಲ. ಅವರು ವಾಹನವನ್ನು ಅಲ್ಲಿಯೇ ನಿಲ್ಲಿಸಿ ಮುಚ್ಚಳ ತೆಗೆದು ನೋಡಿದರು. ಮೇಲೆ ಕೆಂಪು ಪದರ. ಆ ದಿನ ಮಕ್ಕಳು ಬೇರೆ ವಾಹನದಲ್ಲಿ ಶಾಲೆಗೆ ಹೋದರು. ಬ್ರೇಕಿನ ದೊಡ್ಡ ಸಿಲಿಂಡರು, ಚಕ್ರಚಕ್ರದ ಸಿಲಿಂಡರುಗಳು, ರಬ್ಬರಿನ ಕೊಳವೆಗಳು ಎಲ್ಲವನ್ನೂ ಬದಲಿಸಬೇಕಾಯಿತು. ಎಣ್ಣೆಯನ್ನು ಹೊರಚೆಲ್ಲಿದರೆ ಸಾಲದು. ಒಮ್ಮೆ ಅದನ್ನು ಕುಡಿದ ರಬ್ಬರು ಮತ್ತೆ ನಂಬಿಕೆಗೆ ಅರ್ಹವಲ್ಲ. ಅದೇ ವಾಹನ ಅಂಗಳದ ಬದಲು ಒತ್ತಿನೆಣೆಯ ಇಳಿಜಾರಿನಲ್ಲಿ ಇದ್ದಿದ್ದರೆ ಎಂಬ ಯೋಚನೆಯನ್ನು ಆ ಚಾಲಕರು ಮಾತಿನಲ್ಲಿ ಮುಗಿಸಲಿಲ್ಲ.

ಆ ಹುಡುಗನನ್ನು ಬೈಯುವುದು ಸುಲಭ. ನನಗೆ ಅವನ ಪಕ್ಷವನ್ನೂ ಸ್ವಲ್ಪ ಹೇಳಬೇಕೆನಿಸುತ್ತದೆ. ಮುಚ್ಚಳಗಳ ಮೇಲೆ ಬರೆದಿತ್ತು. ಡಬ್ಬಿಯ ಮೇಲೆಯೂ ಬರೆದಿತ್ತು. ಬರೆದದ್ದೆಲ್ಲ ಇಂಗ್ಲಿಷಿನಲ್ಲಿ, ಅದೂ ಇರುವೆಯಷ್ಟು ಸಣ್ಣ ಅಕ್ಷರದಲ್ಲಿ, ಅದರಲ್ಲಿಯೂ ಅರ್ಧಕ್ಕರ್ಧ ಸಂಕ್ಷಿಪ್ತಾಕ್ಷರಗಳಲ್ಲಿ. ಏಳನೆಯ ತರಗತಿಗೆ ಶಾಲೆ ಬಿಟ್ಟ ಹುಡುಗನಿಗೆ ಅದು ಹಳಗನ್ನಡದ ಶಾಸನಕ್ಕಿಂತ ಕಠಿಣ. ಬಾಡಿಗೆ ಕಾರಿನವರು ನನ್ನ ಬಳಿಗೆ ಆಗಾಗ ಈ ಡಬ್ಬಿಗಳನ್ನು ತಂದು ಓದಿಸಿಕೊಂಡು ಹೋಗುತ್ತಾರೆ; ಕನ್ನಡ ಎಂ.ಎ. ಮಾಡಿದವನಿಗೆ ಈ ವಿದ್ಯೆ ಅಂಟಿದ್ದು ಹಾಗೆ. ಎಂಟು ಗಂಟೆ ವಾಹನ ಓಡಿಸುವವನ ಭಾಷೆಯಲ್ಲಿ, ಅವನ ಮತ್ತು ಅವನನ್ನು ನಂಬಿದವರ ಪ್ರಾಣಕ್ಕೆ ಸಂಬಂಧಿಸಿದ ಎರಡು ಸಾಲು ಇಲ್ಲದಿರುವುದು ನನಗೆ ಸಣ್ಣ ವಿಷಯವಾಗಿ ಕಾಣುವುದಿಲ್ಲ. ಇಲ್ಲಿಯೇ ಕೋಟದಲ್ಲಿ 1902ರಲ್ಲಿ ಹುಟ್ಟಿದ ಶಿವರಾಮ ಕಾರಂತರು ‘ಬಾಲ ಪ್ರಪಂಚ’ವನ್ನೂ ‘ವಿಜ್ಞಾನ ಪ್ರಪಂಚ’ವನ್ನೂ ಕನ್ನಡಕ್ಕೆ ಕೊಟ್ಟು ಎಷ್ಟೋ ದಶಕಗಳಾದವು. ಸಂಪುಟಗಟ್ಟಲೆ ವಿಜ್ಞಾನವನ್ನು ಹೊತ್ತ ಭಾಷೆಗೆ ಒಂದು ಮುಚ್ಚಳದ ಮೇಲಿನ ಎರಡು ಪದ ಭಾರವಾಗಬೇಕೇ? ಕಂಪನಿಗಳು ಬರೆಯುವ ತನಕ ಕಾಯಬೇಕಾಗಿಲ್ಲ. ಪೇಂಟಿನ ಪೆನ್ನು ಯಾವ ಸ್ಟೇಷನರಿ ಅಂಗಡಿಯಲ್ಲಿಯೂ ಸಿಗುತ್ತದೆ. ನಮ್ಮ ಬೀದಿಯ ಕೆಲವು ಕಾರುಗಳ ಮುಚ್ಚಳಗಳ ಮೇಲೆ ‘ಬ್ರೇಕು’, ‘ಸ್ಟೇರಿಂಗು’ ಎಂದು ದಪ್ಪ ಕನ್ನಡ ಅಕ್ಷರದಲ್ಲಿ ಬರೆದುಕೊಟ್ಟಿದ್ದೇನೆ. ‘ಚುಕ್ಕಾಣಿ’ ಎಂದು ಬರೆಯಲೇ ಎಂದರೆ ಒಬ್ಬರೂ ಒಪ್ಪಲಿಲ್ಲ. ಅದು ದೋಣಿಗೇ ಇರಲಿ ಎಂದರು.

ಇನ್ನು ಆಯ್ಕೆಯ ಕ್ರಮ. ಕುಂದಾಪುರದ ಹಿರಿಯ ಮೆಕ್ಯಾನಿಕ್ಕರೊಬ್ಬರು ಅದನ್ನು ಒಂದೇ ವಾಕ್ಯದಲ್ಲಿ ಹೇಳುತ್ತಾರೆ: “ಮುಚ್ಳದ್ ಮೇಲ್ ಎಂತ ಬರ್ದಿತ್ ಕಾಣಿ.” ಗ್ರಂಥಸಂಪಾದನೆ ಮಾಡುವವನಿಗೂ ಇದೇ ನಿಯಮ, ಮೊದಲು ಮೂಲಪ್ರತಿ, ಆಮೇಲೆ ಪಾಠಾಂತರ, ಕರ್ಣಾಕರ್ಣಿಯಾಗಿ ಬಂದದ್ದಕ್ಕೆ ಕಡೆಯ ಸ್ಥಾನ. ಪಾತ್ರೆಯ ಮುಚ್ಚಳ, ಇಲ್ಲವೆ ಕಾರಿನೊಡನೆ ಬಂದ ಕೈಪಿಡಿ, ಇವೇ ಮೂಲಪ್ರತಿ. ಅಲ್ಲಿ ಡೆಕ್ಸ್ರಾನ್ ಎಂದಿದ್ದರೆ ಡೆಕ್ಸ್ರಾನ್, ಪಿ.ಎಸ್.ಎಫ್.-4 ಎಂದಿದ್ದರೆ ಅದೇ. ‘ಎಲ್ಲ ಕಾರುಗಳಿಗೂ ಒದಗುವುದು’ ಎಂದು ಮುದ್ರಿಸಿದ ಡಬ್ಬಿಗಳೂ ಅಂಗಡಿಯಲ್ಲಿ ಇವೆ. ಅವುಗಳ ಬೆನ್ನ ಮೇಲೆ ಯಾವ ಯಾವ ಲಕ್ಷಣಗಳಿಗೆ ಒದಗುತ್ತವೆಂಬ ಪಟ್ಟಿ ಇರುತ್ತದೆ. ನಿಮ್ಮ ಮುಚ್ಚಳದ ಹೆಸರು ಆ ಪಟ್ಟಿಯಲ್ಲಿ ಇಲ್ಲದಿದ್ದರೆ ಹೊಗಳಿಕೆಯ ಮಾತಿಗೆ ಮರುಳಾಗಬಾರದು.

ಅದಕ್ಕೂ ಮೊದಲಿನ ಪ್ರಶ್ನೆಯೊಂದಿದೆ: ನಿಮ್ಮ ಕಾರಿಗೆ ಈ ಎಣ್ಣೆ ಬೇಕೇ? 1988ರಲ್ಲಿ ಜಪಾನಿನ ಸುಜುಕಿ ಕಂಪನಿ ಸರ್ವೊ ಎಂಬ ಪುಟ್ಟ ಕಾರಿನಲ್ಲಿ ಎಣ್ಣೆಯ ಬದಲು ವಿದ್ಯುತ್ ಮೋಟಾರಿನಿಂದ ಚುಕ್ಕಾಣಿಗೆ ನೆರವು ಕೊಡುವ ಕ್ರಮವನ್ನು ತಂದಿತು. ಈಗ ನಮ್ಮ ರಸ್ತೆಗಳಲ್ಲಿ ಓಡುವ ಸಣ್ಣ ಕಾರುಗಳಲ್ಲಿ ಬಹುಪಾಲು ಆ ಬಗೆಯವು. ಅವುಗಳಲ್ಲಿ ಪಾತ್ರೆಯೂ ಇಲ್ಲ, ಪಂಪೂ ಇಲ್ಲ, ಎಣ್ಣೆಯೂ ಇಲ್ಲ. ಅಂಥ ಕಾರಿನ ಒಡೆಯರೊಬ್ಬರು ‘ಸ್ಟೇರಿಂಗ್ ಆಯಿಲ್’ ಕೊಂಡು ಬಾನೆಟ್ಟಿನೊಳಗೆ ಅದನ್ನು ಹೊಯ್ಯುವ ಜಾಗಕ್ಕಾಗಿ ಹುಡುಕುತ್ತಿದ್ದುದನ್ನು ನಾನು ಕಂಡಿದ್ದೇನೆ. ಹುಡುಕಿದವನಿಗೆ ಕಾಣುವುದು ಬ್ರೇಕಿನ ಪಾತ್ರೆಯೇ ಎಂಬುದು ಇಲ್ಲಿಯ ಅಪಾಯ. ಇನ್ನೋವಾ ಕ್ರಿಸ್ಟಾ, ಬೊಲೆರೊದಂಥ ದೊಡ್ಡ ವಾಹನಗಳಲ್ಲಿ, ಹಳೆಯ ಸುಮೋ, ಸ್ಕಾರ್ಪಿಯೊಗಳಲ್ಲಿ ಎಣ್ಣೆಯ ಕ್ರಮವೇ ಇದೆ. ಮೂಕಾಂಬಿಕಾ ರೋಡ್ ನಿಲ್ದಾಣದಲ್ಲಿ ಇಳಿದ ಯಾತ್ರಿಕರನ್ನು ಕೊಲ್ಲೂರಿಗೆ ಒಯ್ಯುವ ಬಾಡಿಗೆ ಗಾಡಿಗಳಲ್ಲಿ ಇಂಥವು ಬೇಕಾದಷ್ಟು.

ಕೈಬದಲಾದ ಹಳೆಯ ವಾಹನ ಕೊಂಡವರಿಗೆ ಒಂದು ವಿಶೇಷ ಸೂಚನೆ. ಹಿಂದಿನವರು ಏನು ಹೊಯ್ದಿದ್ದರೆಂದು ಬಲ್ಲವರಿಲ್ಲ. ಅದರ ಮೇಲೆ ಸರಿಯಾದದ್ದನ್ನೇ ಹೊಯ್ದರೂ ಬೆರಕೆಯಾಗುತ್ತದೆ. ಪಾತ್ರೆಯ ಎಣ್ಣೆಯನ್ನು ಹೀರಿ ತೆಗೆಸಿ, ಹೊಸದನ್ನು ತುಂಬಿಸಿ, ಚುಕ್ಕಾಣಿಯನ್ನು ಆ ತುದಿಯಿಂದ ಈ ತುದಿಗೆ ಕೆಲವು ಸಲ ತಿರುಗಿಸಿ, ಮತ್ತೆ ಹೀರಿ ತೆಗೆಸಿ, ಹೀಗೆ ಹೊರಬರುವ ಎಣ್ಣೆ ನಿರ್ಮಲವಾಗುವ ತನಕ ಮಾಡಿಸಬೇಕು. ಒಂದು ಲೀಟರು ಹೆಚ್ಚು ಖರ್ಚಾದರೂ ಹೊಸ ಪಂಪಿನ ಬೆಲೆಗಿಂತ ಅದು ಎಷ್ಟೋ ಕಡಮೆ. ಮಟ್ಟ ನೋಡುವಾಗ ವಾಹನ ಸಮನೆಲದಲ್ಲಿರಲಿ. ತಣ್ಣಗಿದ್ದಾಗಿನ ಗೆರೆ, ಕಾದಾಗಿನ ಗೆರೆ ಬೇರೆಬೇರೆಯಾಗಿದ್ದರೆ ಯಾವುದನ್ನು ನೋಡುತ್ತಿದ್ದೀರೆಂಬ ಎಚ್ಚರವಿರಲಿ. ಎಣ್ಣೆ ಕಪ್ಪಾಗಿ ಸುಟ್ಟ ವಾಸನೆ ಬಂದರೆ ಬದಲಿಸಬೇಕು. ನೊರೆ ಕಂಡರೆ ಎಲ್ಲಿಯೋ ಗಾಳಿ ಒಳನುಗ್ಗುತ್ತಿದೆ. ಮಟ್ಟ ಪದೇ ಪದೇ ಇಳಿಯುತ್ತಿದ್ದರೆ ಎಲ್ಲಿಯೋ ಸೋರುತ್ತಿದೆ. ಮೇಲಿನಿಂದ ತುಂಬುತ್ತಲೇ ಇರುವುದು ತೂತಿನ ಕೊಡಕ್ಕೆ ನೀರು ಸೇದಿದಂತೆ. ಕಡಲ ಉಪ್ಪುಗಾಳಿಯಲ್ಲಿ ನಿಲ್ಲುವ ನಮ್ಮ ಕಡೆಯ ವಾಹನಗಳಲ್ಲಿ ಈ ಎಣ್ಣೆಯ ಲೋಹದ ಕೊಳವೆಗಳು ತುಕ್ಕು ಹಿಡಿದು ಸೋರುವುದುಂಟು. ಅವನ್ನು ವರ್ಷಕ್ಕೊಮ್ಮೆ, ಮಳೆಗಾಲ ಹಿಡಿಯುವ ಮುನ್ನ ಕೆಳಗಿನಿಂದ ನೋಡಿಸಬೇಕು.

ಮಳೆಗಾಲದ ಮಾತು ಬಂದುದರಿಂದ ಇನ್ನೊಂದನ್ನು ಹೇಳಬೇಕು. ಆಷಾಢದ ಮಳೆಯಲ್ಲಿ ರಸ್ತೆಯ ಮೇಲೆ ನಿಂತ ನೀರನ್ನು ಹಾಯ್ದು ಬಂದ ಒಡನೆ ಚುಕ್ಕಾಣಿ ಒಮ್ಮೆಲೇ ಕಲ್ಲಾಗುವುದುಂಟು. ಎಷ್ಟೋ ಜನ ಎಣ್ಣೆ ಮುಗಿಯಿತೆಂದು ಗಾಬರಿಯಾಗಿ ಸಿಕ್ಕಿದ್ದನ್ನು ಹೊಯ್ಯಲು ಹೊರಡುತ್ತಾರೆ. ಪಂಪು ತಿರುಗಿಸುವ ಪಟ್ಟಿ ನೆನೆದು ಜಾರುತ್ತಿದ್ದರೂ ಹೀಗಾಗುತ್ತದೆ. ಪಟ್ಟಿ ಒಣಗಿದರೆ ಸರಿಹೋಗುತ್ತದೆ. ಪದೇ ಪದೇ ಆದರೆ ಪಟ್ಟಿ ಸಡಿಲಾಗಿದೆ, ಇಲ್ಲವೆ ಸವೆದಿದೆ. ಸುರಿವ ಮಳೆಯಲ್ಲಿ ಎಣ್ಣೆಯ ಮುಚ್ಚಳ ತೆರೆದು ನೀರನ್ನು ಒಳಕ್ಕೆ ಬರಮಾಡಿಕೊಳ್ಳುವುದಂತೂ ಬೇಡವೇ ಬೇಡ.

ನಿಜವಾಗಿಯೂ ಬಾಳೆಬರೆಯ ನಡುವೆ ಕೊಳವೆ ಒಡೆದು ಎಣ್ಣೆಯೆಲ್ಲ ರಸ್ತೆಯ ಪಾಲಾಯಿತೆನ್ನಿ. ಅಂಥ ಹೊತ್ತಿನಲ್ಲಿ ಎಂಜಿನ್ ಎಣ್ಣೆಯನ್ನೋ, ಬ್ರೇಕಿನ ದ್ರವವನ್ನೋ, ಬುತ್ತಿಯ ಚೀಲದಲ್ಲಿದ್ದ ಅಡುಗೆಯ ಎಣ್ಣೆಯನ್ನೋ ಹೊಯ್ಯುವ ಸಾಹಸ ಬೇಡ. ಚುಕ್ಕಾಣಿಗೂ ಚಕ್ರಕ್ಕೂ ನಡುವೆ ಉಕ್ಕಿನ ಸಂಬಂಧ ಹಾಗೆಯೇ ಇದೆ; ಎಣ್ಣೆ ಹೋದರೆ ಹೋದದ್ದು ಅದರ ನೆರವು ಮಾತ್ರ. ಸೋರಿದ ಎಣ್ಣೆ ಕಾದ ಎಂಜಿನ್ನಿನ ಕೊಳವೆಯ ಮೇಲೆ ಬಿದ್ದು ಹೊಗೆಯಾಡುತ್ತಿದೆಯೇ ಎಂದು ನಿಂತು ನೋಡಬೇಕು, ಆರಲು ಬಿಡಬೇಕು. ಎಣ್ಣೆಯಿಲ್ಲದೆ ತಿರುಗುವ ಪಂಪು ಕೆಡುವುದು ನಿಜ. ಆದರೆ ಕಾಡಿನ ನಡುವೆ, ಮನೆಯವರನ್ನು ಕೂರಿಸಿಕೊಂಡಿರುವಾಗ, ಪಂಪಿನ ಚಿಂತೆ ಎರಡನೆಯದು. ಎರಡು ಕೈಗಳನ್ನೂ ಹೂಡಿ, ಹಿಂದಿನ ಬಸ್ಸಿನವರಂತೆ, ಕೆಳಗಿನ ಗೇರಿನಲ್ಲಿ ನಿಧಾನವಾಗಿ ಇಳಿದರೆ ಹೊಸಂಗಡಿ ಸಿಗುತ್ತದೆ. ಅಲ್ಲಿಂದ ಮುಂದೆ ಸಿದ್ದಾಪುರದ ಪೇಟೆ. ಪೇಟೆಯಲ್ಲಿ ಕೊಳವೆಯನ್ನು ಸರಿಮಾಡಿಸಿದ ಮೇಲೆ, ಅಂಗಡಿಯವನು ಡಬ್ಬಿಯನ್ನು ಕೈಗೆ ಕೊಟ್ಟಾಗ, ಮೊದಲು ಬಾನೆಟ್ಟು ಎತ್ತಿ ಮುಚ್ಚಳವನ್ನು ಓದಿ.